ಬ್ಯಾರನ್ನಿನಲ್ಲಿ ಬೆಂದ ಕಾರು

ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಗೋಡೆಗೆ ಒರಗಿಸಿಟ್ಟ ಒಂದು ಗುಂಡನೆಯ ತಟ್ಟೆ ಇದೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಅದಕ್ಕೆ ತಾಗಿದರೆ ಎದುರು ಗೋಡೆಯಲ್ಲಿ ಒಂದು ಬೆಳಕಿನ ಬಿಲ್ಲೆ ಅಲ್ಲಾಡುತ್ತದೆ. ಮನೆಗೆ ಬಂದ ಹೆಂಗಸರು ಅದನ್ನು ನೋಡಿ, "ಬೆಳ್ಳೀದೇನ್ರೀ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಅಲ್ಲ, ಕಾರಿನ ಚಕ್ರದ ಕ್ಯಾಪು ಎಂದರೆ ನನ್ನ ತಲೆ ನೆಟ್ಟಗಿದೆಯೇ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತದೆ. ಹಾಗಾಗಿ ಈಚೆಗೆ ನಾನು ಸುಮ್ಮನೆ ನಗುತ್ತೇನೆ, ಅವರು ಬೆಳ್ಳಿಯೆಂದೇ ತಿಳಿದು ಹೋಗುತ್ತಾರೆ.

ಮೊನ್ನೆ ಮೊಮ್ಮಗ ಆ ಕಾರಿನ ಹಳೆಯ ಫೋಟೋ ನೋಡಿ, "ಅಜ್ಜೀ, ಇಂಥಾದ್ದಕ್ಕೆ ಮಸಲ್ ಕಾರು ಅಂತಾರೆ" ಎಂದ. ಮಸಲ್ ಅಂದರೇನೋ ಎಂದೆ. ತೋಳು ಮಡಚಿ ಉಬ್ಬಿಸಿ ತೋರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಆ ಕಾರಿಗೆ ಅಷ್ಟು ಕಸುವಿದ್ದಿದ್ದರೆ ಇಡೀ ಮನೆಮಂದಿ ಸೆರಗು ಬಿಗಿದು, ಪಂಚೆ ಎತ್ತಿಕಟ್ಟಿ ಅದನ್ನು ಏಕೆ ತಳ್ಳಬೇಕಿತ್ತು? ತೋಳು ಗಟ್ಟಿಯಾದದ್ದು ನಮ್ಮದು.

ನಾನು ಮಿರ್ಲೆಯ ಹುಡುಗಿ. ನಾಲೆ ನೀರು, ಗದ್ದೆ ಬದು, ಅನ್ನದ ಊರು. ಮದುವೆಯಾಗಿ ಹುಣಸೂರಿನ ಹೊಗೆಸೊಪ್ಪಿನ ಮನೆಗೆ ಬಂದಾಗ ಮೊದಲ ಕೆಲವು ದಿನ ಸೀನಿ ಸೀನಿ ಕಣ್ಣು ಊದಿಸಿಕೊಂಡು ಓಡಾಡಿದೆ. ಹೊಸ ಸೊಸೆ ತವರು ನೆನೆದು ಅಳುತ್ತಿದ್ದಾಳೆಂದು ಬೀದಿಯವರು ಮರುಗಿದರು. ನಾನೂ ಅಲ್ಲವೆನ್ನಲಿಲ್ಲ, ಮರುಕ ಸಿಕ್ಕಿದರೆ ಯಾರು ಬೇಡವೆನ್ನುತ್ತಾರೆ? ಹಿತ್ತಲಲ್ಲಿ ಮೂರಾಳೆತ್ತರದ, ಕಿಟಕಿಯಿಲ್ಲದ ಕಟ್ಟಡಗಳು ಎರಡಿದ್ದವು. ಸೊಪ್ಪನ್ನು ಕೋಲಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ತುಂಬಿ, ತಗಡಿನ ಕೊಳವೆಯಲ್ಲಿ ಶಾಖ ಹರಿಸಿ ಬೇಯಿಸುವ ಮನೆಗಳು. ಬ್ಯಾರನ್ನು ಎನ್ನುತ್ತಿದ್ದರು. ಒಂದರ ಗೋಡೆ ಹಿಂದಿನ ಮಳೆಗಾಲದಲ್ಲಿ ಕುಸಿದಿತ್ತು. ಆ ಬಾಯಿ ತೆರೆದ ಬ್ಯಾರನ್ನಿನೊಳಗೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ, ಅದು ನಿಂತಿತ್ತು.

ಮೊದಲು ನೋಡಿದಾಗ ಹುಲ್ಲಿನ ಮೆದೆಗೆ ಟಾರ್ಪಾಲು ಹೊದಿಸಿದ್ದಾರೆ ಎಂದುಕೊಂಡೆ. ಟಾರ್ಪಾಲು ಎತ್ತಿದರೆ ಎರಡು ದೊಡ್ಡ ಕಣ್ಣುಗಳು, ಹಲ್ಲು ಕಿಸಿದ ಮೂತಿ. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತು ನನ್ನನ್ನೇ ದುರುಗುಟ್ಟಿ ನೋಡಿತು. ನಮ್ಮ ಮಾವ ಬಾಗಿಲಲ್ಲಿ ನಿಂತು, "ಎಂಟು ಸಿಲಿಂಡ್ರು ಕಣವ್ವಾ, ಅಮೇರಿಕದ್ದು" ಎಂದರು. ಓಡುತ್ತದೆಯೇ ಎಂದು ಕೇಳಿದೆ. "ಓಡ್ತದೆ. ಮದ್ಲು ಕೋಳಿ ಮರಿ ಮಾಡ್ಲಿ, ಆಮೇಲೆ ನೋಡನ" ಎಂದರು, ಬಲು ಗಂಭೀರವಾಗಿ.

ಮಾವ ಪಿರಿಯಾಪಟ್ಟಣದ ಆಚೆ, ಕೊಡಗಿನ ಅಂಚಿನ ಒಂದು ಕಾಫಿ ತೋಟಕ್ಕೆ ಎತ್ತು ಕೊಳ್ಳಲು ಹೋಗಿದ್ದರಂತೆ. ಅಲ್ಲಿ ಹಲಸಿನ ಮರದಡಿ ಎಲೆ ಉದುರಿಸಿಕೊಂಡು ಈ ಕಾರು ಬಿದ್ದಿತ್ತು. ಎತ್ತು ಬಿಟ್ಟರು, ಕಾರು ಹಿಡಿದರು. ಅದನ್ನು ಎಳೆದು ತರಲು ಎರಡು ಜೊತೆ ಎತ್ತು ಬಾಡಿಗೆಗೆ ಹೂಡಿ, ಪಿರಿಯಾಪಟ್ಟಣದ ಸಂತೆಯ ನಡುವೆ ತಾವು ಸ್ಟೇರಿಂಗ್ ಹಿಡಿದು ಕೂತು ಮೆರವಣಿಗೆ ಬಂದರು. ಈ ಕಥೆಯನ್ನು ಹೇಳುವಾಗ ನಮ್ಮ ಅತ್ತೆ ದೇವೀರಮ್ಮ, "ಎತ್ತು ತತ್ತೀನಿ ಅಂತ ಓದೋರು ಎಮ್ಮೆ ತಂದಿದ್ರೆ ಹಾಲಾದ್ರೂ ಕರೀತಿತ್ತು" ಎಂದು ಕೊನೆಗೊಂದು ಸಾಲು ಸೇರಿಸುತ್ತಿದ್ದರು. ಹಾಲು ಕರೆಯದಿದ್ದರೂ ಆ ಕಾರು ಕುಡಿಯುವುದರಲ್ಲಿ ಎಮ್ಮೆಯೇ. ಪೆಟ್ರೋಲನ್ನು ಕಲಗಚ್ಚಿನ ಹಾಗೆ ಹೀರುತ್ತಿತ್ತು.

ಅದನ್ನು ಎಬ್ಬಿಸಲು ಬಸ್ಸು ರಿಪೇರಿಯ ಬಾಬು ಸಾಬರು ಬರುತ್ತಿದ್ದರು. ತೆಳ್ಳನೆಯ ಮೈ, ಕಿವಿಯ ಹಿಂದೆ ಬೀಡಿ, ಬಾಯಲ್ಲಿ ಒಂದೇ ಮಾತು: "ಗೌಡ್ರೇ, ಇನ್ನೊಂದ್ ವಾರ. ಕುದ್ರೆ ಮಾಡಿ ಕೊಡ್ತೀನಿ." ಆ ವಾರ ನಾನು ಬಂದ ವರ್ಷವೂ ಮುಗಿಯಲಿಲ್ಲ, ಮರುವರ್ಷವೂ ಮುಗಿಯಲಿಲ್ಲ. ಅಷ್ಟರಲ್ಲಿ ಕಾರು ಬ್ಯಾರನ್ನಿನಿಂದ ಬಿಡಿಬಿಡಿಯಾಗಿ ಮನೆಯೊಳಗೆ ಬಂದಿತ್ತು. ಪಡಸಾಲೆಯಲ್ಲಿ ಬಾಗಿಲುಗಳು, ಜಗಲಿಯಲ್ಲಿ ಸೀಟು, ನನ್ನ ಕೊಳದಪ್ಪಲೆಯಲ್ಲಿ ಸೀಮೆಎಣ್ಣೆಗೆ ನೆನೆಹಾಕಿದ ಕಬ್ಬಿಣದ ತುಂಡುಗಳು. ಒಂದು ಮಧ್ಯಾಹ್ನ ಸಾರು ಬಡಿಸುವಾಗ ಸೌಟಿನಲ್ಲಿ ಒಂದು ನಟ್ಟು ಬಂತು. ನಾನು ನಾಚಿ ಸತ್ತೆ. ಮಾವ ಮಾತ್ರ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದ್ನೇ ಕಣವ್ವಾ ಬೆಳಗ್ಗಿಂದ ಹುಡುಕ್ತಿದ್ದದ್ದು!" ಎಂದು ನೆಕ್ಕಿ ಜೇಬಿಗಿಟ್ಟುಕೊಂಡರು. ಸಾರು ಚೆನ್ನಾಗಿದೆ ಎಂದೂ ಹೇಳಿದರು.

ನನಗೂ ಕೆಲಸವಿತ್ತು. ಬಿಡುವಾದಾಗ ಉಪ್ಪುಕಾಗದ ಹಿಡಿದು ತುಕ್ಕು ಉಜ್ಜುವುದು. ಬ್ಯಾರನ್ನಿನೊಳಗೆ ಒಂದು ಬಗೆಯ ತಂಪು ಕತ್ತಲೆ ಇರುತ್ತಿತ್ತು. ಮೇಲಿನ ಹೆಂಚಿನ ಸಂದಿಯಿಂದ ಬಿಸಿಲಿನ ಕೋಲು ಇಳಿದು, ಅದರಲ್ಲಿ ಹಳೆಯ ಸೊಪ್ಪಿನ ಧೂಳು ಸುಮ್ಮನೆ ತೇಲುತ್ತಿತ್ತು. ಅಲ್ಲಿ ಕೂತು ಉಜ್ಜುತ್ತಿದ್ದರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಕೈಬಳೆಯ ಸದ್ದು, ಉಪ್ಪುಕಾಗದದ ಸದ್ದು, ಎಲ್ಲೋ ಕೋಳಿಯ ಸದ್ದು. ಎಷ್ಟೋ ಸಲ ಅರ್ಧ ಉಜ್ಜಿ ಅಲ್ಲೇ ಬಾಗಿಲಿಲ್ಲದ ಕಾರಿನೊಳಗೆ ಕೂತು, ಮೈಸೂರು, ಮಡಿಕೇರಿ, ಹೆಸರೇ ಗೊತ್ತಿಲ್ಲದ ಊರುಗಳನ್ನೆಲ್ಲ ಸುತ್ತಿ ಬಂದಿದ್ದೇನೆ. ಕಾರು ಓಡತೊಡಗಿದ ಮೇಲೆ ನಾನು ಅಷ್ಟು ದೂರ ಹೋದದ್ದಿಲ್ಲ.

ಕ್ಯಾಪಿನ ವಿಷಯಕ್ಕೆ ಬಂದೆ. ಕಾರು ಬಂದಾಗ ಅದರ ಚಕ್ರಗಳಿಗೆ ಇದ್ದದ್ದು ಮೂರೇ ಕ್ಯಾಪು. ನಾಲ್ಕನೆಯದಕ್ಕಾಗಿ ಮಾವ ಸುತ್ತದ ಗುಜರಿ ಅಂಗಡಿಯಿಲ್ಲ. ಎಂಜಿನ್ನು ಕೆಟ್ಟು ಬಿದ್ದಿದ್ದರೂ ಅವರಿಗೆ ಅಷ್ಟು ಚಿಂತೆಯಿರಲಿಲ್ಲ, ಈ ಬೋಳು ಚಕ್ರ ಕಂಡರೆ ಮುಖ ಬಾಡುತ್ತಿತ್ತು. ಹಲ್ಲುಬಿದ್ದ ವರನ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಕೊನೆಗೆ ಅದು ಸಿಕ್ಕಿದ್ದು ಕೆ.ಆರ್. ನಗರದ ಒಂದು ಟೀ ಅಂಗಡಿಯಲ್ಲಿ, ಹಾಲಿನ ಪಾತ್ರೆಯ ಮುಚ್ಚಳವಾಗಿ. ಮಾವ ಅಲ್ಲಿ ಕೂತು ಹೊಟ್ಟೆ ಉಬ್ಬರಿಸುವಷ್ಟು ಟೀ ಕುಡಿದು, ಅಂಗಡಿಯವನಿಗೆ ಹೊಸ ಹಿತ್ತಾಳೆ ಮುಚ್ಚಳ ತಂದುಕೊಟ್ಟು, ಕ್ಯಾಪನ್ನು ಹೆಗಲ ವಲ್ಲಿಯಲ್ಲಿ ಸುತ್ತಿ ಮಗುವಿನ ಹಾಗೆ ಎದೆಗವುಚಿಕೊಂಡು ಬಂದರು. ಅದಕ್ಕೆ ಕೆನೆ ಹತ್ತಿದ ವಾಸನೆಯಿತ್ತು. ತೊಳೆಯವ್ವಾ ಎಂದು ನನ್ನ ಕೈಗೆ ಕೊಟ್ಟರು. ನಾನು ಮಿರ್ಲೆಯ ಜಾಣೆ, ದೀಪದ ಕಂಬ ತೊಳೆದ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಮೈತುಂಬ ಗೀರು! ಮಾವ ನೋಡಿದರು, ನುಂಗಿಕೊಂಡರು, "ಇರ್ಲಿ ಬುಡು, ಗುರ್ತಿಗಾಯ್ತು" ಎಂದರು. ಅಂಥ ಮನುಷ್ಯ.

ಇಷ್ಟೆಲ್ಲ ಪಾಡು ಯಾಕೆ ಎಂದು ನೀವು ಕೇಳಬಹುದು. ನಾನೂ ಒಮ್ಮೆ ಅತ್ತೆಯನ್ನು ಕೇಳಿದೆ.

ಅತ್ತೆಯ ತವರು ಹೆಗ್ಗಡದೇವನಕೋಟೆಯ (ನಮಗೆಲ್ಲ ಬರೀ ಕೋಟೆ) ಆಚೆ, ಕಾಡಿನ ಸೆರಗಿನಲ್ಲಿ, ಕಬಿನಿ ಹೊಳೆಯ ದಂಡೆಯ ಪುಟ್ಟ ಊರು. ಮದುವೆಯಾದ ಹೊಸತರಲ್ಲಿ ಮಾವ ಅವರನ್ನು ಗಾಡಿಯಲ್ಲಿ ತವರಿಗೆ ಕರೆದೊಯ್ಯುವಾಗ ದಾರಿಯಲ್ಲಿ ಅಚ್ಚು ಮುರಿದು, ಇಬ್ಬರೂ ಹಳ್ಳದಲ್ಲಿ ಮಗುಚಿದ್ದರು. ಕೆಸರು ಮೆತ್ತಿದ ಮದುವೆ ಸೀರೆಯಲ್ಲಿ ಅತ್ತೆ ಅಳುತ್ತ ಕೂತಿದ್ದನ್ನು ನೋಡಲಾರದೆ ಮಾವ, "ಇನ್ಮುಂದಕ್ಕೆ ನಿನ್ನ ಮೋಟಾರಲ್ಲೇ ತವ್ರಿಗೆ ಕರ್ಕೊಂಡೋಯ್ತೀನಿ, ಅಳ್ಬೇಡ" ಎಂದುಬಿಟ್ಟರು. ಆಗಿನ ಕಾಲಕ್ಕೆ ಅದು ಚಂದ್ರನನ್ನು ತಂದುಕೊಡುತ್ತೇನೆ ಎಂದ ಹಾಗೆ. ಅತ್ತೆ ಅದನ್ನು ಹಿಡಿದು ಕೂತರು. ಅಪ್ಪ ಅವ್ವ ತೀರಿಕೊಂಡಾಗ ಮಣ್ಣಿಗೆ ಹೋಗಿಬಂದದ್ದು ಬಿಟ್ಟರೆ ಅತ್ತೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಡಹುಟ್ಟಿದವರು ಯಾರೂ ಇರಲಿಲ್ಲ, ಮನೆಗೆ ಬೀಗ.

"ಬಸ್ಸಲ್ಲಿ ಹೋಗಿಬರಬಹುದಲ್ಲಾ ಅತ್ತೆ?" ಎಂದೆ.

"ಬಸ್ಸಲ್ಲಿ ಓಗಕ್ಕೆ ಕಂಡಕ್ಟ್ರು ಸಾಕಲ್ಲ ಮೊಗಾ, ನಿಮ್ಮಾವ ಯಾಕೆ?" ಎಂದರು ಅತ್ತೆ. ನಕ್ಕರು. ಆದರೆ ಗೌರಿಹಬ್ಬಕ್ಕೆ ಮಿರ್ಲೆಗೆ ಹೋಗಿ ನಾನು ಮಡಿಲಕ್ಕಿ ಕಟ್ಟಿಸಿಕೊಂಡು ಬಂದಾಗ ಅವರು ನಗುತ್ತಿರಲಿಲ್ಲ. ತವರಿಗೆ ಹೋದ ಹೆಣ್ಣನ್ನು ಬರಿ ಸೆರಗಿನಲ್ಲಿ ಕಳಿಸುವುದಿಲ್ಲ ನೋಡಿ, ಅಕ್ಕಿ, ಬೆಲ್ಲ, ಅರಿಸಿನ ಕೊಂಬು ಮೊರದಿಂದ ಮಡಿಲಿಗೆ ಸುರಿಯುತ್ತಾರೆ. ನನ್ನ ಗಂಟನ್ನು ಅತ್ತೆಯೇ ಬಿಚ್ಚಿ, ಅಕ್ಕಿಯಲ್ಲಿ ಬೆರಳಾಡಿಸಿ, ಒಂದು ಹಿಡಿ ಎತ್ತಿ ಮೂಸಿ, ಮತ್ತೆ ಗಂಟು ಕಟ್ಟುತ್ತಿದ್ದರು. ನನಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅಕ್ಕಿಯಲ್ಲಿ ಹುಳು ನೋಡುತ್ತಿದ್ದಾರೆ ಎಂದುಕೊಂಡಿದ್ದೆ.

ಕಬಿನಿಗೆ ಅಣೆ ಕಟ್ಟುತ್ತಿದ್ದಾರೆಂಬ ಸುದ್ದಿ ಎಷ್ಟೋ ವರ್ಷದಿಂದ ಇತ್ತು. ಆದರೆ ಕಟ್ಟುವುದೇ ಮುಗಿಯದ ಅಣೆ, ಬಾಬು ಸಾಬರ ವಾರದ ಹಾಗೆ ಎಂದು ನಾವೆಲ್ಲ ಮೈಮರೆತಿದ್ದೆವು. ಒಂದು ವೈಶಾಖದಲ್ಲಿ ಕೋಟೆ ಕಡೆಯ ಸೌದೆ ಗಾಡಿಯವನು ಜಗಲಿಯಲ್ಲಿ ಕೂತು ನೀರು ಕುಡಿಯುತ್ತ, "ಈ ಮಳೆಗೆ ನೀರು ನಿಲ್ಲಿಸ್ತಾರಂತೆ ಕಣವ್ವಾ. ಊರೆಲ್ಲ ಖಾಲಿ ಮಾಡವ್ರೆ" ಎಂದ. ಅತ್ತೆ ರಾಗಿ ಬೀಸುತ್ತಿದ್ದರು. ಕಲ್ಲು ನಿಂತಿತು. ಹಿತ್ತಲ ಕಡೆ ನೋಡುತ್ತ, "ಮೋಟಾರು ಯಾವಾಗ ಆಯ್ತದೆ?" ಎಂದು ಕೇಳಿದರು.

ಅಷ್ಟು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಮಾವ ಉಂಡ ಕೈ ತೊಳೆಯದೆ ಎದ್ದು ಬಾಬು ಸಾಬರ ಮನೆಗೆ ಹೋದರು.

ಆಮೇಲೆ ನಡೆದ ಗಡಿಬಿಡಿಯಲ್ಲಿ ಎಂಜಿನ್ನು ಒಂದು ದಿನ ಕೆಮ್ಮಿತು, ಮತ್ತೊಂದು ದಿನ ಗುಡುಗಿತು. ಕೊಟ್ಟಿಗೆಯ ದನಗಳು ಹಗ್ಗ ಕಿತ್ತುಕೊಂಡು ಓಡಿದವು. ಜ್ಯೇಷ್ಠ ಮುಗಿಯುವ ಹೊತ್ತಿಗೆ ಬಣ್ಣವೊಂದು ಬಾಕಿ. ಬಣ್ಣವಿಲ್ಲದೆ ಹೋಗೋಣವೆಂದರೆ ಮಾವ ಒಪ್ಪಲಿಲ್ಲ: "ಎಂಡ್ತಿ ತವ್ರಿಗೆ ತುಕ್ಕು ಹಿಡ್ದಿರೋ ಗಾಡೀಲಿ ಓಗ್ಲಾ?" ಕೆನೆಬಿಳಿ ಬಣ್ಣ ಆರಿಸಿದರು. ಬಾಬು ಸಾಬರು ಪಂಪಿನಲ್ಲಿ ಬಣ್ಣ ಹೊಡೆದು ಮುಗಿಸಿದರು, ಆಕಾಶಕ್ಕೆ ತೂತು ಬಿತ್ತು.

ಆ ಮಳೆ ಜೋರಾಗಿ ಬಂದು ಹೋಗುವ ಮಳೆಯಲ್ಲ. ಬೆಳಗಿಂದ ಸಂಜೆಯವರೆಗೆ ಸಣ್ಣಗೆ, ಬೇಸರವಿಲ್ಲದೆ ಉದುರುವ ಆಷಾಢದ ಮಳೆ. ಮುಟ್ಟಿದರೆ ಬಣ್ಣ ಬೆರಳಿಗೆ ಬರುತ್ತಿತ್ತು. ಹುಳುಹುಪ್ಪಟೆ ಕೂತು ಅಂಟಿಕೊಂಡವು. ದಿನಗಳು ಹೋದವು, ಬಣ್ಣ ಆರಲಿಲ್ಲ. ಮೇಲೆ ಕಾಡಿನಲ್ಲೂ ಇದೇ ಮಳೆ, ಹೊಳೆಗೂ ಇದೇ ನೀರು ಎಂದು ಎಲ್ಲರಿಗೂ ಗೊತ್ತಿತ್ತು. ಮಾವ ಜಗಲಿಯಲ್ಲಿ ಕೂತು ಮೋಡ ನೋಡುತ್ತಿದ್ದರು. ಆಗ ಅತ್ತೆ ಒಳಗಿನಿಂದ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಸೊಪ್ಪು ಬೇಯ್ಸೋ ಮನೇಲಿ ಕಾರು ಮಡಿಕ್ಕೊಂಡು ಬಿಸ್ಲು ಕಾಯ್ತಾ ಕುಂತವ್ರಲ್ಲಾ. ಒಲೆ ಅಚ್ಚಕ್ಕೆ ಏನು ಬಂದಿರೋದು?"

ಬಾಬು ಸಾಬರು ಅಲ್ಲಾನನ್ನು ನೆನೆದರು. ಮಾವ ಪಂಚೆ ಎತ್ತಿಕಟ್ಟಿದರು. ಟ್ಯಾಂಕಿನ ಪೆಟ್ರೋಲು ಬಸಿದು, ಸೀಟು, ಚಕ್ರ ಬಿಚ್ಚಿ, ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿ, ಕುಸಿದ ಗೋಡೆಯ ಬಾಯಿಗೆ ತಗಡು ಕಟ್ಟಿ ಮಣ್ಣು ಮೆತ್ತಿ, ಬಹಳ ದಿನದಿಂದ ತಣ್ಣಗಿದ್ದ ಒಲೆಗೆ ಬೆಂಕಿ ಹಾಕಿದರು. ಸೊಪ್ಪಿಗೆ ಹೇಗೋ ಹಾಗೇ. ಮೊದಲು ಹದವಾದ ಶಾಖ, ಆಮೇಲೆ ಸ್ವಲ್ಪ ಏರಿಸು, ಕೊನೆಗೆ ಎಲೆಯ ನಡುವಿನ ಕಡ್ಡಿ ಒಣಗುವಷ್ಟು. "ಕಾರಿಗೆ ಕಡ್ಡಿ ಎಲ್ಲದೆ ಗೌಡ್ರೇ?" ಎಂದು ಬಾಬು ಸಾಬರು ಕೇಳಿದರೆ ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಪ್ಪು ಬೇಯಿಸಿ ಕೂದಲು ನರೆತವರಿಗೆ ಬೇರೆ ದಾರಿ ತಿಳಿಯದು. ಅತ್ತೆ ಮಾತ್ರ ಒಲೆಯ ಬಾಯಿಯ ಹತ್ತಿರ ಮಣೆ ಹಾಕಿಕೊಂಡು ಕೂತುಬಿಟ್ಟರು. ಸೌದೆ ತಳ್ಳುವವರು ಅವರೇ. ಹೊರಗೆ ಮಳೆ, ಗೋಡೆಗೆ ಬೆನ್ನು ಕೊಟ್ಟರೆ ಬೆಚ್ಚಗೆ. ನಾನೂ ಪಕ್ಕದಲ್ಲಿ ಕೂತೆ. ಮಾವಿನ ತೋಪಿನ ಬದಿಯಿಂದ ಹೊಳೆಗೆ ಇಳಿಯುವ ದಾರಿ, ಹಿತ್ತಲ ಬಾವಿಯ ನೀರಿನ ಸಿಹಿ, ಕಾಡಿನ ಜನರ ಹಾಡಿಯಿಂದ ಜೇನು ತಂದು ಕೊಡುತ್ತಿದ್ದ ಗೆಳತಿ ಬೊಮ್ಮಿ ಇವೆಲ್ಲವನ್ನೂ ಅವರು ಬೆಂಕಿ ನೋಡುತ್ತ ಹೇಳುತ್ತಿದ್ದರು. ನನಗೆ ಅರ್ಧ ನಿದ್ದೆ, ಅರ್ಧ ಕಥೆ. ನೋಡದ ಆ ಊರು ನನ್ನ ಊರೇ ಆಗಿಹೋಯಿತು.

ಬ್ಯಾರನ್ನಿನ ಬಾಗಿಲು ತೆರೆದಾಗ ಎಲ್ಲರೂ ಒಟ್ಟಿಗೆ ಬಗ್ಗಿ ಒಳಗೆ ನೋಡಿದೆವು. ಬಣ್ಣವೇನೋ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೆ ಹಳೆಯ ಕೊಳವೆಯ ಸಂದಿಯಿಂದ ಹೊಗೆ ಸೋರಿ ಕೆನೆಬಿಳಿ ಹೋಗಿ ಹೊಂಬಣ್ಣ ಬಂದಿತ್ತು. ಜಂತೆಯಿಂದ ಉದುರಿದ ಸೊಪ್ಪಿನ ಚೂರುಗಳು ಅಲ್ಲಲ್ಲಿ ಅಂಟಿ ಕಂದು ಚುಕ್ಕೆಗಳಾಗಿದ್ದವು. ಹಾರ್ನಿನ ರಬ್ಬರು ಕರಗಿ ಕೆಳಗೆ ಬಿದ್ದಿತ್ತು. ಕತ್ತಲೆಯ ನಡುವೆ ಕಾರು ಒಳಗಿಂದಲೇ ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮಾವ ಹತ್ತಿರ ಹೋಗಿ ಬಾನೆಟ್ಟನ್ನು ಬೆರಳಿನಿಂದ ಸವರಿ, ಮೂಸಿ, "ಮೊದಲ್ನೇ ಗ್ರೇಡು!" ಎಂದರು. ಆಮೇಲೆ ಎಷ್ಟೇ ತೊಳೆದರೂ ಆ ಕಾರಿನ ಹೊಗೆಸೊಪ್ಪಿನ ಘಾಟು ಹೋಗಲಿಲ್ಲ. ಅದರಲ್ಲಿ ಕೂತವರು ಸೀನದೆ ಇಳಿದದ್ದಿಲ್ಲ.

ಹೊರಟದ್ದು ಮರುದಿನವೇ. ಮಾವ ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಬಾಬು ಸಾಬರು ಬ್ರೇಕು, ಗೇರು ಎಂದು ಕೂಗಿ ಹೇಳುತ್ತಿದ್ದರು. ಹಾರ್ನಿಲ್ಲದ್ದಕ್ಕೆ ಮಾವ ಕಿಟಕಿಯಿಂದ ತಲೆ ಹಾಕಿ "ಹೋ... ಹೋ..." ಎನ್ನುತ್ತಿದ್ದರು, ಎತ್ತಿಗೆ ಹೇಳುವ ಹಾಗೆ. ಹಿಂದೆ ಅತ್ತೆ ಮತ್ತು ನಾನು; ನಮ್ಮ ಮನೆಯವರು ದನಕರು ನೋಡಿಕೊಳ್ಳಲು ಊರಲ್ಲೇ ಉಳಿದಿದ್ದರು. ಅತ್ತೆ ಮದುವೆಯ ಸೀರೆ ಉಟ್ಟಿದ್ದರು. ಅದರ ಅಂಚಿನಲ್ಲಿ ಇನ್ನೂ ಆ ಹಳ್ಳದ ಕೆಸರಿನ ಕಲೆಯಿತ್ತು. ಕೋಟೆ ದಾಟಿದ ಮೇಲೆ ಮಳೆ ಮಂಜಿನ ಹಾಗಾಯಿತು. ರಸ್ತೆಯ ಎರಡೂ ಕಡೆ ಬಿದಿರು ಬಾಗಿತ್ತು, ಎದುರು ಒಂದು ಗಾಡಿಯೂ ಇಲ್ಲ. ನನಗೆ ಬ್ಯಾರನ್ನಿನ ಕತ್ತಲೆಯಲ್ಲೇ ಕೂತು ಕನಸು ಕಾಣುತ್ತಿದ್ದೇನೆ ಅನ್ನಿಸುತ್ತಿತ್ತು. ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದು ತಿರುವು" ಎಂದರು.

ಆ ತಿರುವಿನಲ್ಲಿ ಗುಂಡಿಗೆ ಬಿದ್ದು ಕಾರು ಎಗರಿತು. ನನ್ನ ಪಕ್ಕದ ಹಿಂದಿನ ಚಕ್ರದಿಂದ ಏನೋ ಟಣ್ಣೆಂದು ಹಾರಿ ಮುಂದೆ ಉರುಳತೊಡಗಿತು. ಟೀ ಅಂಗಡಿಯ ಕ್ಯಾಪು. ಇಳಿಜಾರಿನ ರಸ್ತೆಯಲ್ಲಿ ನಮಗಿಂತ ಮೊದಲೇ ದಾರಿ ಗೊತ್ತಿದ್ದ ಹಾಗೆ ಉರುಳಿ ಉರುಳಿ ಹೋಗಿ, ಒಂದು ಕಡೆ ಸುತ್ತಿ, ಮಲಗಿತು. ಮಾವ ಬ್ರೇಕು ತುಳಿದರು. ಕ್ಯಾಪು ಬಿದ್ದದ್ದು ನೀರಿನ ಅಂಚಿನಲ್ಲಿ.

ರಸ್ತೆ ಅಲ್ಲಿಂದ ನೇರವಾಗಿ ನೀರಿನೊಳಗೆ ಇಳಿದುಹೋಗಿತ್ತು. ಎದುರು ಕಣ್ಣು ಹರಿಯುವಷ್ಟೂ ಬೂದುಬಣ್ಣದ ನೀರು, ಅದರ ಮೇಲೆ ಮಳೆಯ ಚುಕ್ಕೆ. ಕೆಲವು ಮಾವಿನ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಅತ್ತೆ ಇಳಿದು ಪಾದ ನೆನೆಯುವವರೆಗೆ ನಡೆದರು. "ಅದು ತೋಪು. ಅದರ ಈಚೆ ಬಾವಿ. ಅಲ್ಲಿ ನಮ್ಮನೆ" ಎಂದು ನೀರಿಗೆ ಬೆರಳು ಮಾಡಿ ನನಗೆ ತೋರಿಸಿದರು. ಆಮೇಲೆ ಯಾರಿಗೋ ಹೇಳುವ ಹಾಗೆ, "ಬಂದೆ ಕಣವ್ವಾ" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಮಾವ ಕಾರಿಗೆ ಒರಗಿ, ಮಳೆ ಬೀಳುತ್ತಿದ್ದ ಬಾನೆಟ್ಟನ್ನು ವಲ್ಲಿಯಿಂದ ಒರೆಸುತ್ತಲೇ ಇದ್ದರು. "ತಡ ಮಾಡ್ಬುಟ್ಟೆ" ಎಂದರು.

ಎಂಜಿನ್ನಿನ ಸದ್ದಿಗೆ ಮೇಲಿನ ದಿಣ್ಣೆಯಿಂದ ಒಬ್ಬ ಮುದುಕಿ ಇಳಿದು ಬರುತ್ತಿದ್ದಳು. ಹಾಡಿಯವರು ನೀರು ಬರುತ್ತಲೇ ದಿಣ್ಣೆಗೆ ಹತ್ತಿ ಗುಡಿಸಲು ಹಾಕಿಕೊಂಡಿದ್ದರು. ಹತ್ತಿರ ಬಂದು ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಅಮ್ಮಣ್ಣೀ?" ಎಂದಳು. ಆಗ ಅತ್ತೆ ಅತ್ತರು. ಬೊಮ್ಮಿ ಅಂದರೆ ಅವಳೇ.

ಅಳು ಮುಗಿದ ಮೇಲೆ ಅತ್ತೆ ಕಾರಿನ ಕಡೆ ತಿರುಗಿದರೆ ಬೊಮ್ಮಿ ಅಡ್ಡ ನಿಂತಳು. "ತವ್ರಿಗೆ ಬಂದು ಬರೀ ಸೆರಗಲ್ಲಿ ಓಯ್ತಿಯಾ? ನಾನು ಸತ್ತಿಲ್ಲ ಕಣಮ್ಮಣ್ಣಿ" ಎಂದು ಗುಡಿಸಲಿಗೆ ಹೋಗಿ ಒಂದು ಸಣ್ಣ ಗಂಟು ತಂದಳು. "ಅಕ್ಕಿ ಇಲ್ಲ. ರಾಗಿ ಅದೆ." ಗಂಟು ಬಿಚ್ಚಿ, ಕೈ ಹಾಕಿ, ನಿಂತಳು. ಬರಿಗೈಯಲ್ಲಿ ಮಡಿಲು ತುಂಬಬಾರದು. "ಮೊರ ಎಲ್ಲೋ ನೀರು ಪಾಲಾಯ್ತು" ಎಂದು ಸುತ್ತ ನೋಡಿದಳು. ನೀರಿನ ಅಂಚಿನಿಂದ ಎತ್ತಿಕೊಂಡ ಕ್ಯಾಪನ್ನು ನಾನು ಅಷ್ಟು ಹೊತ್ತೂ ಎದೆಗವುಚಿಕೊಂಡೇ ನಿಂತಿದ್ದೆ. ಏನೂ ಯೋಚಿಸದೆ ಮುಂದೆ ಹಿಡಿದೆ. ಬೊಮ್ಮಿ ಅದನ್ನು ಸೆರಗಿನಿಂದ ಒರೆಸಿ, ರಾಗಿ ಸುರಿದು, ಮೇಲೊಂದು ಅರಿಸಿನ ಕೊಂಬಿಟ್ಟು, ಮುಡಿಯಲ್ಲಿದ್ದ ಕಾಡುಹೂವು ತೆಗೆದಿಟ್ಟು, ಅತ್ತೆ ಒಡ್ಡಿದ ಸೆರಗಿಗೆ ತುಂಬಿದಳು. ಮಾವ ಒರೆಸುವುದು ಬಿಟ್ಟು ಮಳೆಯಲ್ಲಿ ತಲೆ ಬಗ್ಗಿಸಿ ನಿಂತಿದ್ದರು.

ವಾಪಸು ಬರುವಾಗ ಎಲ್ಲರೂ ಸೀನುತ್ತಿದ್ದೆವು ಅಷ್ಟೆ. ಬಿದಿರಿನ ಕಾಡು ಮುಗಿಯುವಾಗ ಹಿಂದಿನಿಂದ ಅತ್ತೆ, "ನಿದಾನಕ್ಕೆ ಓಡ್ಸಿ. ತವ್ರಿಂದ ಬತ್ತಾ ಇವ್ನಿ, ರಾಗಿ ಚೆಲ್ಲಾಯ್ತದೆ" ಎಂದರು. ಕನ್ನಡಿಯಲ್ಲಿ ಮಾವನ ಮುಖ ಕಂಡಿತು. ಆ ಮುಖವನ್ನು ನಾನು ಬರೆಯಲಾರೆ.

ಮನೆಗೆ ಬಂದ ಮರುದಿನ ಮಾವ ಮರದ ಕೊಡತಿ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು, ಚಕ್ರಕ್ಕೆ ಬಡಿದು ಕೂರಿಸಲು ಕ್ಯಾಪು ಕೇಳಿದರು. ಅತ್ತೆ ಅದನ್ನು ನಾಗಂದಿಗೆಯ ಮೇಲೆ ಒರಗಿಸಿ ಇಟ್ಟಾಗಿತ್ತು. "ಅದು ನನ್ ತವ್ರಿಂದ ಬಂದದ್ದು. ಚಕ್ರಕ್ಕೆ ಬೇರೆ ನೋಡ್ಕಳಿ" ಎಂದರು. ಮಾವ ಕೊಡತಿಯನ್ನು ಕೈಯಿಂದ ಕೈಗೆ ಬದಲಿಸಿದರು. ಆಮೇಲೆ ಹೋದರು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅಂದಿನಿಂದ ಮಡಿಲು ತುಂಬುವುದು ಅದರಲ್ಲೇ, ಅಕ್ಕಿಗೆ ಮೊದಲು ಒಂದು ಹಿಡಿ ರಾಗಿ ಹಾಕಿ.

ಮಾವ ಬೇರೆ ಕ್ಯಾಪು ಹುಡುಕಲಿಲ್ಲ. ಹಿಂದೆ ಬೋಳು ಚಕ್ರ ಕಂಡರೆ ಮುಖ ಬಾಡಿಸಿಕೊಳ್ಳುತ್ತಿದ್ದವರು ಆಮೇಲೆ ಎಲ್ಲಿ ನಿಲ್ಲಿಸಿದರೂ ಅದು ಬೀದಿಗೆ ಕಾಣುವಂತೆ ನಿಲ್ಲಿಸುತ್ತಿದ್ದರು. ಯಾರಾದರೂ ನೋಡಿ, "ಗೌಡ್ರೇ, ಒಂದು ಕ್ಯಾಪು ಬಿದ್ದೋಗ್ಯದಲ್ಲಾ" ಎನ್ನಲಿ ಎಂದು ಕಾಯುತ್ತಿದ್ದರು. ಅಂದರೆ ಸಾಕು, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳುತ್ತಿದ್ದರು:

"ಬಿದ್ದೋಗಿಲ್ಲ ಕಣಯ್ಯಾ. ನಮ್ಮೋಳ ಮಡ್ಲಕ್ಕಿಗೆ ಓಗ್ಯದೆ."